ನನ್ನ ಗಂಡನ ಮಾತಿನ ಮೇಲೆ ಮಾತು ಬರೆದವರಿಗೆ

ಕಂಪ್ಯೂಟರಿನಲ್ಲಿ ‘ಈ ಹೆಸರಿನ ಫೈಲ್ ಈಗಾಗಲೇ ಇದೆ, ಬದಲಿಸಬೇಕೆ?’ ಎಂದು ಕೇಳುವ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡ ಮನೆಯಲ್ಲಿ ಆಡುತ್ತಿದ್ದ ಮಾತನ್ನೆಲ್ಲ ನಿಮ್ಮ ವಿಭಾಗ ಅಳಿಸಿಹಾಕಿದೆ. ಅದೂ ಕದ್ದುಮುಚ್ಚಿ ಅಲ್ಲ, ಬಹಳ ವಿನಯದಿಂದ, ನನ್ನ ಒಪ್ಪಿಗೆ ಪಡೆದು. ಆ ವಿನಯಕ್ಕೆ ಮೊದಲು ಒಂದು ನಮಸ್ಕಾರ.

ನನ್ನ ಗಂಡ ಓರೆಸ್ಟ್ ಇಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯದ ದನದ ಸಂತೆಯಲ್ಲಿ ಹರಾಜು ಕೂಗುವವನು. ಗಂಟಲಿಗೆ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಪರೇಷನ್ನಿಗೆ ಮೊದಲೇ ಬೇಕಾದ ಮಾತುಗಳನ್ನು ಅವನ ದನಿಯಲ್ಲಿ ಹಿಡಿದಿಟ್ಟರೆ, ಆಮೇಲೆ ಒಂದು ಯಂತ್ರದ ಗುಂಡಿ ಒತ್ತಿ ಅವನ್ನೇ ಆಡಿಸಬಹುದು ಎಂದರು ಡಾಕ್ಟರು. ಒಂದು ದಿನ ಅಡುಗೆಮನೆಯಲ್ಲಿ ಕೂತು ಮನೆಯ ಮಾತುಗಳನ್ನು ಹೇಳಿದ. ಅವನ್ನು ಕಂಪ್ಯೂಟರಿಗೆ ಹಾಕಿ ರೆಕಾರ್ಡರನ್ನು ಖಾಲಿ ಮಾಡಿದೆ. ಮಾರನೆಯ ದಿನ ಹರಾಜಿನ ಮಾತುಗಳ ಸರದಿ. “ಗಂಟ್ಲು ಹೋದ್ರೂ ನಾನು ಸಂತೆ ಬಿಡಲ್ಲ ಕಣೇ, ಯಂತ್ರದಲ್ಲೇ ಕೂಗ್ತೀನಿ” ಎಂದ. ಖಾಲಿಯಾದ ರೆಕಾರ್ಡರ್ ಫೈಲುಗಳಿಗೆ ಮತ್ತೆ ಒಂದರಿಂದಲೇ ನಂಬರು ಹಾಕಿ ಹೆಸರಿಡತೊಡಗಿತ್ತು. ಅದನ್ನೂ ಅದೇ ಫೋಲ್ಡರಿಗೆ ಹಾಕಲು ಹೋದಾಗ ನೀವು ಅಡ್ಡ ಬಂದಿರಿ.

ಸ್ವಾಮಿ, ನಾನು ಅದೇ ಸಂತೆಯಲ್ಲಿ ದನಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುವವಳು. ಪ್ರತಿ ಸಂತೆಗೂ ಒಂದರಿಂದ ಶುರು. ಕಳೆದ ವಾರದ ಒಂದನೆಯ ನಂಬರಿನ ಕಡಸು ಈಗ ಯಾರದೋ ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತಿರುತ್ತದೆ. ಈ ವಾರ ಇನ್ನೊಂದು ಒಂದನೆಯದು ಬಂತೆಂದು ಯಾರಾದರೂ ಹೋಗಿ ಅದಕ್ಕೆ ಗುಂಡಿಕ್ಕುತ್ತಾರೆಯೇ? ಎರಡು ದನಕ್ಕೆ ಒಂದೇ ನಂಬರು ಬಿದ್ದರೆ ಎರಡನೆಯದಕ್ಕೆ ಮುಂದಿನ ಚೀಟಿ ಅಂಟಿಸುತ್ತೇವೆ, ಕೆಲಸ ಮುಗಿಯಿತು. ಇಷ್ಟು ಓದಿದ ನೀವು ಅಷ್ಟಾದರೂ ಮಾಡುತ್ತೀರಿ ಎಂದು ನಂಬಿ, ನೀವೇ ನೀಲಿ ಬಣ್ಣ ಬಳಿದು ಮುಂದೆ ತಳ್ಳಿದ್ದ ‘ಬದಲಿಸು’ ಗುಂಡಿ ಒತ್ತಿದೆ. ‘ಎಲ್ಲಕ್ಕೂ ಇದೇ ಉತ್ತರವೇ?’ ಎಂದಿರಿ. ಹೂಂ ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಡುಗೆಮನೆಯ ಓರೆಸ್ಟ್ ಇಲ್ಲವಾದ. ಅದು ನನಗೆ ಗೊತ್ತಾದದ್ದು ಆಪರೇಷನ್ ಮುಗಿದ ಮೇಲೆ, ಮಾತುಗಳನ್ನು ಯಂತ್ರಕ್ಕೆ ತುಂಬಲು ಕೂತಾಗ.

ನಿಮ್ಮ ಕಸದ ಬುಟ್ಟಿಯ ನ್ಯಾಯವನ್ನಂತೂ ಎಷ್ಟು ಹೊಗಳಿದರೂ ಸಾಲದು. ನಾನು ಬೇಡವೆಂದು ಎಸೆದ ಟ್ರ್ಯಾಕ್ಟರ್ ಜಾಹೀರಾತು ಅದರಲ್ಲಿ ಇವತ್ತಿಗೂ ಭದ್ರವಾಗಿದೆ. ಬೇಕೆಂದು ಕಾಪಾಡಿಕೊಂಡದ್ದು ಮಾತ್ರ ಅಲ್ಲಿಲ್ಲ. ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ.

“ಬೇರೆ ಕಡೆ ಇನ್ನೊಂದು ಪ್ರತಿ ಇಟ್ಟಿದ್ರಾ ಮೇಡಂ?” ಎಂದಿತು ಒಂದು ಎಳೆಯ ದನಿ.

“ಇಟ್ಟಿದ್ರೆ ನಿಮ್ಗ್ಯಾಕಪ್ಪ ಫೋನ್ ಮಾಡ್ತಿದ್ದೆ?”

“ಹಾಗಾದ್ರೆ ಇನ್ನೊಂದ್ಸಲ ರೆಕಾರ್ಡ್ ಮಾಡ್ಕೊಳ್ಳಿ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?”

ಇನ್ನೊಂದು ಸಲ! ಅಷ್ಟು ಹೊತ್ತಿಗೆ ಆಪರೇಷನ್ ಆಗಿ ತಿಂಗಳಾಗಿತ್ತು. ಹೊಸದನ್ನು ಬರೆದದ್ದೇ ಹಳೆಯದರ ಮೇಲೆ, ಹೆಕ್ಕಿ ತೆಗೆಯಲು ಕೆಳಗೆ ಏನೂ ಉಳಿದಿಲ್ಲ ಎಂದು ಸಸ್ಕಟೂನ್ ಪಟ್ಟಣದ ಕಂಪ್ಯೂಟರ್ ರಿಪೇರಿ ಅಂಗಡಿಯವನೂ ಕೈ ಚೆಲ್ಲಿದ.

ಹೀಗಾಗಿ ನಮ್ಮ ಮನೆಯಲ್ಲಿ ಈಗ ಇಡೀ ದಿನ ಹರಾಜು ನಡೆಯುತ್ತದೆ. ಮೊನ್ನೆ ಭಾನುವಾರ ಓರೆಸ್ಟನ ಅಕ್ಕ ಮರುಸ್ಯಾ ಬೋರ್ಷ್ಟ್ ಸಾರು ಮಾಡಿಕೊಂಡು ಬಂದು ಅವನ ಮುಂದಿಟ್ಟಳು. “ಹೇಗಿದ್ಯೋ ಸಾರು?” ಎಂದಳು. ಪಾಪ, ಹೊಗಳಬೇಕೆಂದು ಅವನು ಇದ್ದುದರಲ್ಲಿ ಒಳ್ಳೆಯ ಗುಂಡಿಯನ್ನೇ ಹುಡುಕಿ ಒತ್ತಿದ. “ವಯಸ್ಸಾಗಿದೆ, ಸ್ವಲ್ಪ ಕುಂಟುತ್ತೆ, ಆದ್ರೂ ಮೋಸ ಇಲ್ಲ, ಹೊಡ್ಕೊಂಡ್ಹೋಗಿ!” ಎಂದಿತು ಯಂತ್ರ. ಕುಂಟುಗಾಲಿನ ಮರುಸ್ಯಾ ಪಾತ್ರೆ ಎತ್ತಿಕೊಂಡು ನಡೆದಳು. “ನಿನ್ ಯಂತ್ರಕ್ಕೆ ಬೆಂಕಿ ಹಾಕ!” ಎಂಬ ಆಶೀರ್ವಾದ ಬಾಗಿಲಿನಿಂದ ಕೇಳಿತು. ಓರೆಸ್ಟ್ ಸದ್ದಿಲ್ಲದೆ ಭುಜ ಕುಣಿಸಿ ನಕ್ಕ. ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತಾ ಅತ್ತೆ. ಅದನ್ನು ನಿಮ್ಮಿಂದ ಮುಚ್ಚಿಡುವುದೇಕೆ?

ನನ್ನ ಬೇಡಿಕೆ ದೊಡ್ಡದಲ್ಲ. ಒಂದೇ ಹೆಸರಿನ ಎರಡು ಬಂದರೆ, ಕೇಳದೆಯೇ ಎರಡನ್ನೂ ಉಳಿಸಿ. ಎರಡನೆಯದಕ್ಕೆ ಮುಂದಿನ ನಂಬರು ಕೊಡಿ. ಒಂದನ್ನು ಕೊಲ್ಲಲೇಬೇಕಾದರೆ, ‘ಹಳೆಯದು ಶಾಶ್ವತವಾಗಿ ಹೋಗುತ್ತದೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ, ಆ ಗುಂಡಿಗೆ ನೀಲಿ ಬಳಿಯಬೇಡಿ. ಆಗಲೂ ಹೋದದ್ದು ಬುಟ್ಟಿಯಲ್ಲಿ ಬಿದ್ದಿರಲಿ. ಜಾಹೀರಾತಿಗಿರುವ ಮರ್ಯಾದೆ ಮನುಷ್ಯರ ದನಿಗೂ ಇರಲಿ.

ಕಾಫಿ ಕೊಡು, ಚಳಿಯಾಗ್ತಿದೆ ಎಂಬ ಮಾತುಗಳಿಲ್ಲದೆಯೂ ಸಂಸಾರ ನಡೆಯುತ್ತದೆ, ಕೈಸನ್ನೆ ಸಾಕು. ಆದರೆ ಆ ಮೊದಲ ದಿನ ಅವನು ಎಲ್ಲಕ್ಕಿಂತ ಮುಂಚೆ ಹೇಳಿದ್ದು ಒಂದೇ ಪದ, ನನ್ನ ಹೆಸರು. “ಇದನ್ನ ಮೊದಲ್ನೇ ಗುಂಡಿಗೆ ಹಾಕು, ದಿನಾ ಬೇಕಾಗೋದು ಇದೇ” ಎಂದಿದ್ದ. ಹರಾಜಿನ ಮಾತುಗಳನ್ನೆಲ್ಲ ಎಷ್ಟೋ ಸಲ ಕೇಳಿದ್ದೇನೆ. ದನದ ಸಂತೆಯಲ್ಲಿ ಯಾರೂ ಹೆಂಡತಿಯ ಹೆಸರು ಕೂಗುವುದಿಲ್ಲ. ಈಗ ನಾನು ಬೇಕಾದಾಗ ಓರೆಸ್ಟ್ ಮೇಜು ಕುಟ್ಟುತ್ತಾನೆ.

ಇಂತಿ,
ಮೇಜಿನ ಸದ್ದಿಗೆ ಓಗೊಡುವ
ಸ್ಟೆಫಾನಿಯಾ ಹ್ನಾತ್ಯುಕ್