ಏಳನೆಯ ತಿರುವು

ಏರುನಾಡು, ಫೆಬ್ರವರಿ 41, 2231

ಇನ್ನೂರು ವರ್ಷ ಹಿಂದಿರುವ ನಿಮಗೆ,

ದಿನಾಂಕ ತಪ್ಪಿಲ್ಲ. ನಮ್ಮಲ್ಲಿ ಘಟ್ಟದ ರಸ್ತೆ ತೆರೆಯುವವರೆಗೆ ಫೆಬ್ರವರಿ ಮುಗಿಯುವುದಿಲ್ಲ. ರಸ್ತೆ ತೆರೆದ ದಿನವೇ ಮಾರ್ಚ್ ಒಂದು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಶಾಲೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿತೆ. ಹಿಮದ ವಿಷಯ ಮಾತ್ರ ಮನೆಯ ಹೆಂಗಸರಿಂದ ಕನ್ನಡದಲ್ಲಿ ಕಲಿತೆ. ಅವರು ಕಟ್ಟಿದ ಪದಗಳು ನಿಮ್ಮ ನಿಘಂಟಿನಲ್ಲಿ ಇರಲಾರವು.

ಗದಗದ ಕಡೆಯ ಬೇಸಿಗೆ ತಾಳಲಾರದೆ ನಮ್ಮ ಮುತ್ತಜ್ಜಂದಿರು ಈ ಪರ್ವತಗಳ ದೇಶಕ್ಕೆ ಬಂದರು. ಇಲ್ಲಿ ಜೋಳ ಬೆಳೆಯುವುದಿಲ್ಲ. ಬಾರ್ಲಿ ರೊಟ್ಟಿ, ಅಕ್ರೋಟ ಕುಟ್ಟಿ ಮಾಡಿದ ಖಾರದ ಹಿಂಡಿ ತಿನ್ನುತ್ತೇವೆ. ವಸಂತದ ಮೊದಲ ವಾರಗಳೇ ನಮಗೆ ಅತಿ ಕಷ್ಟದ ಕಾಲ. ಬೆಳಗಿನ ಜಾವ ರಸ್ತೆ ಕಲ್ಲಿನಂತೆ ಗಟ್ಟಿ, ಹತ್ತು ಗಂಟೆಗೆ ಗಂಜಿ. ಆದ್ದರಿಂದ ಜಾರುಬಸ್ಸುಗಳು, ಅಂದರೆ ಚಕ್ರದ ಬದಲು ಹಲಗೆಗಳಿರುವ ಬಸ್ಸುಗಳು, ಬಿಸಿಲೇರುವ ಮೊದಲೇ ಘಟ್ಟ ದಾಟಬೇಕು. ಹಾರ್ನ್ ಹೊಡೆಯುವಂತಿಲ್ಲ. ಪ್ರಯಾಣಿಕರು ಉಣ್ಣೆಯ ಶಾಲಿನಲ್ಲಿ ಬಾಯಿ ಮುಚ್ಚಿ ಕೆಮ್ಮುತ್ತಾರೆ. ಕೆಮ್ಮಿಗೆ ಹಿಮ ಜಾರುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ.

ರಸ್ತೆ ತೆರೆಯಿತೆಂದು ಹೇಳುವವಳನ್ನು ದಾರಿಗಾತಿ ಎನ್ನುತ್ತಾರೆ. ಹನ್ನೊಂದು ವರ್ಷಗಳಿಂದ ಆ ಕೆಲಸ ನನ್ನದು. ದೂರದಿಂದಲೇ ಹಿಮದ ಗಟ್ಟಿತನ ಹೇಳುವ ಯಂತ್ರ ನನ್ನ ಬಳಿಯಿದೆ, ಆದರೆ ಯಂತ್ರದ ಮಾತು ಸಾಲದು. ಘಟ್ಟದ ಏಳು ತಿರುವುಗಳಲ್ಲೂ ನಿಂತು, ತೋಳು ಬರಿದು ಮಾಡಿ, ಹೆಗಲವರೆಗೆ ಹಿಮದೊಳಗೆ ಕೈ ಇಳಿಸಬೇಕು. ಒಳಗಿನ ಹಿಮ ಮುಷ್ಟಿಯಲ್ಲಿ ಉಂಡೆಯಾದರೆ ದಾರಿ ಗಟ್ಟಿ. ರವೆಯಂತೆ ಉದುರಿದರೆ ಮೇಲಿನದೆಲ್ಲ ಯಾವಾಗ ಬೇಕಾದರೂ ಜಾರಬಹುದು. ಇದಕ್ಕೆ ತೋಳಳತೆ ಎಂದು ಹೆಸರು.

ಮೂರು ವರ್ಷದ ಹಿಂದೆ ಫೆಬ್ರವರಿ ಮೂವತ್ತೆಂಟರ ಸಂಜೆ ಫಕೀರವ್ವ ನಮ್ಮ ಮನೆಗೆ ಬಂದಳು. ಆಗ ವರ್ಷದ ಮೊದಲ ಬಸ್ಸನ್ನು ಓಡಿಸುತ್ತಿದ್ದವಳು ಅವಳೇ. ಆ ಬಸ್ಸು ಪ್ರಯಾಣಿಕರಿಲ್ಲದೆ ಹೋಗುತ್ತದೆ. ಘಟ್ಟದಾಚೆಯ ಕೆಳಕಣಿವೆಯಲ್ಲಿ ಅವಳ ಮಗಳಿಗೆ ದಿನ ತುಂಬಿತ್ತು. “ಏನಬೇ ಇಂದವ್ವಾ, ಫೆಬ್ರವರಿನ್ನ ಹಗ್ಗ ಹಾಕಿ ದನದ ಗ್ವಾದ್ಲಿಗೆ ಕಟ್ಟೀಯೇನು? ನನ್ನ ಮಗಳ ಹೊಟ್ಟಿ ನಿನ್ನ ಕ್ಯಾಲೆಂಡರ್ ಕೇಳಂಗಿಲ್ಲ ನೋಡು!” ಎಂದು ನಗಿಸಿದಳು.

ಮರುದಿನ ನಸುಕಿನಲ್ಲಿ ಹೊರಟೆ. ಆರು ತಿರುವುಗಳಲ್ಲಿ ಕೈ ಇಳಿಸಿದೆ. ಆರೂ ಕಡೆ ಹಿಮ ಉಂಡೆಯಾಯಿತು. ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಏಳನೆಯದು ಇನ್ನೂ ಅರ್ಧ ತಾಸಿನ ಏರು. ಅದೂ ಸರಿಯಿದೆ ಎಂದು ಯಂತ್ರ ಹೇಳುತ್ತಿತ್ತು. ಹಿಂತಿರುಗಿದೆ. ಆಯಾಸವಾಗಿತ್ತೇ, ಅಥವಾ ಪುಸ್ತಕ ಓದಿದವಳೆಂಬ ಭರವಸೆಯೇ? ಇಷ್ಟು ದಿನ ಕೇಳಿಕೊಂಡರೂ ನನಗೆ ನಿಜವಾದ ಉತ್ತರ ಸಿಕ್ಕಿಲ್ಲ. ಬಸ್ಸಿನ ಬಳಿ ಫಕೀರವ್ವ, “ಏಳೂ ನೋಡಿದ್ಯಾ?” ಎಂದಳು. ಹೂಂ ಎಂದೆ.

ಏಳನೆಯ ತಿರುವಿನಲ್ಲಿ ಇಳಿಜಾರು ಕುಸಿಯಿತು. ಅವಳನ್ನು ಹೊರತೆಗೆಯಲು ನಾಲ್ಕು ತಾಸು ಬೇಕಾಯಿತು. ಎರಡೂ ಪಾದಗಳನ್ನು ಕತ್ತರಿಸಿದರು. ಮೊಮ್ಮಗಳು ಅಂದೇ ಹುಟ್ಟಿದಳು, ಅಜ್ಜಿಯಿಲ್ಲದೆ.

ಯಾರೂ ನನ್ನನ್ನು ಬೈಯಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಅವಳೇ ನನ್ನನ್ನು ಸಂತೈಸಿದಳು. “ನೀ ಯಾಕ ಅಳ್ತೀಯಬೇ? ಏಳೂ ಕಡೆ ಕೈ ಹಾಕಿ ಬಂದಾಕಿ ನೀನು. ಹಿಮಕ್ಕ ಬಾಯಿಲ್ಲ, ಹೇಳಲಿಲ್ಲ, ಅಷ್ಟ.” ಅಂದಿನಿಂದ ಪ್ರತಿ ವರ್ಷ ನನ್ನ ಬಲಗೈಗೆಂದು ಹೆಗಲವರೆಗೆ ಬರುವ ಉಣ್ಣೆಯ ತೋಳುಚೀಲ ಹೆಣೆದು ಕಳಿಸುತ್ತಾಳೆ. ಈ ವರ್ಷದ್ದು ಇಂದು ಬೆಳಿಗ್ಗೆ ಬಂತು. ಕೆಂಪು ಬಣ್ಣ, ಅಂಚಿಗೆ ಹಳದಿ ಎಳೆ. ಹಾಕಿಕೊಳ್ಳಲು ಆಗಲಿಲ್ಲ.

ಇಷ್ಟೇ ಆಗಿದ್ದರೆ ಈ ನಾಚಿಕೆಯನ್ನು ಸಾಯುವವರೆಗೂ ಹೊತ್ತು ತಿರುಗುತ್ತಿದ್ದೆನೇನೋ. ಆದರೆ ನಾಳೆ ಊರ ಸಭೆಯಿದೆ. ತೋಳಳತೆಯನ್ನು ಕೈಬಿಡೋಣ, ಯಂತ್ರವೊಂದೇ ಸಾಕು ಎಂದು ತೀರ್ಮಾನಿಸಲಿದ್ದಾರೆ. ಕಾರಣವಾಗಿ ತೋರಿಸುತ್ತಿರುವುದು ಆ ದಿನವನ್ನೇ: ಏಳೂ ಕಡೆ ಕೈ ಇಳಿಸಿದರೂ ಹಿಮ ಮೋಸ ಮಾಡಿತಲ್ಲ! ಅಂದು ಸರಿಯಿದೆ ಎಂದು ಮೋಸ ಮಾಡಿದ್ದು ಯಂತ್ರ. ಅದನ್ನು ಬಲ್ಲವಳು ನಾನೊಬ್ಬಳೇ. ನಾನು ಬಾಯಿ ಬಿಡದಿದ್ದರೆ ನನ್ನ ಒಂದು ಹೂಂ ಇನ್ನು ಮುಂದೆ ಪ್ರತಿ ವಸಂತದಲ್ಲೂ ಬಸ್ಸಿನ ಮುಂದೆ ಹೊರಡುತ್ತದೆ. ಈ ಸಲ ಮೊದಲ ಬಸ್ಸನ್ನು ಓಡಿಸಲಿರುವವಳು, ಈಗ ತಾಯಿಯ ಜೊತೆ ನಮ್ಮೂರಲ್ಲೇ ಇರುವ, ಫಕೀರವ್ವನ ಆ ಮಗಳೇ.

ನಿಮಗೆ ಇದನ್ನು ಬರೆಯುವುದು ಸುಲಭವಾಯಿತು. ನೀವು ನನ್ನ ಮುಖ ನೋಡಲಾರಿರಿ, ತಿರುಗಿ ಏನೂ ಕೇಳಲಾರಿರಿ. ಬರೆಯುತ್ತ ಬರೆಯುತ್ತ ಇದೂ ಒಂದು ಬಗೆಯ ಹಿಂತಿರುಗುವಿಕೆಯೇ ಎನಿಸುತ್ತಿದೆ. ಆದ್ದರಿಂದ ಒಂದೇ ಬೇಡಿಕೆ: ಇದನ್ನು ಓದಿ, ಪಾಪ, ಏನು ಮಾಡಿಯಾಳು ಎಂದು ನನ್ನನ್ನು ಕ್ಷಮಿಸಬೇಡಿ. ಕ್ಷಮಿಸುವುದೋ ಬಿಡುವುದೋ ನಿಮ್ಮ ಕೈಯಲ್ಲಿಲ್ಲ. ಅದು ಫಕೀರವ್ವನದು. ಸಭೆಯಲ್ಲಿ ಎಲ್ಲರ ನಡುವೆ ಅವಳ ಕಿವಿಗೆ ಬೀಳಬಾರದು. ಮೊದಲು ಅವಳೊಬ್ಬಳಿಗೇ ಹೇಳಬೇಕು. ಇನ್ನೂ ಬಿಸಿಲಿದೆ. ಈ ಹೊತ್ತಿನಲ್ಲಿ ಅವಳು ಕಿಟಕಿಯ ಬಳಿ ಕೂತು ಚಹಾ ಕುಡಿಯುತ್ತಿರುತ್ತಾಳೆ. ನನ್ನನ್ನು ಕಂಡರೆ ಇನ್ನೊಂದು ಲೋಟ ತರಿಸುತ್ತಾಳೆ. ಅದನ್ನು ಮುಟ್ಟುವ ಮೊದಲೇ ಹೇಳಿಬಿಡುತ್ತೇನೆ.

ಇಂದುಮತಿ ಮುಂಡರಗಿ