ಒಡೆಯದ ಕಾಯಿ

ವನಜಾಕ್ಷಿ,

ಇವತ್ತು ನಿನ್ನ ವರ್ಷದ ಎಡೆ. ತೋಟದಲ್ಲಿ ನಿನ್ನ ಸಮಾಧಿಯ ಕಲ್ಲಿಗೆ ಕಾಯಿ ಹೊಡೆದೆ, ಒಡೆಯಲಿಲ್ಲ. ಮತ್ತೆ ಹೊಡೆದೆ. ಕೈಯಿಂದ ಜಾರಿ ತೆಂಗಿನ ಮರದ ಪಾತಿಗೆ ಉರುಳಿತು. ಜೀವಮಾನವಿಡೀ ಕಾಯಿ ಸುಲಿದ ಕೈ ಕಣೇ ಇದು.

“ಬುಡಿ ಮಾವ, ನಾನು ಒಡೀತೀನಿ” ಎಂದು ಸೊಸೆ ಒಂದೇ ಏಟಿಗೆ ಎರಡು ಹೋಳು ಮಾಡಿದಳು.

ಕಾಯಿಲೆಯಲ್ಲ, ವಯಸ್ಸಿಗೆ ಮಾಂಸಖಂಡ ಕರಗಿದೆ ಎನ್ನುತ್ತಾರೆ ಡಾಕ್ಟರು. ಅಟ್ಟದ ಕಾಯಿಯಲ್ಲಿ ಕೊಬ್ಬರಿ ಒಣಗಿ ಚಿಪ್ಪು ಬಿಡುವಂತೆ ನನ್ನ ತೋಳಿನ ಮಾಂಸ ಎಲುಬು ಬಿಟ್ಟಿದೆ.

ಹಾಸಿಗೆ ಹಿಡಿದಿದ್ದ ನೀನು ಒಂದು ದಿನ, ಬಿಸಿಲಿಗೆ ಎತ್ತಿಕೊಂಡು ಹೋಗಿ ಎಂದು ಕೇಳಿದ್ದೆ. ನಾನು ಬಗ್ಗಿ ನಿನ್ನ ಬೆನ್ನಿನಡಿ ಕೈ ಹಾಕಿದೆ. ನೀನು ನನ್ನ ಮುಖವನ್ನೇ ನೋಡಿ, “ಬ್ಯಾಡ ಬುಡಿ, ಆಚೆ ಗಾಳಿ ಜಾಸ್ತಿ” ಎಂದುಬಿಟ್ಟೆ.

ಅವತ್ತು ತೋಟದಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ.