ಪೂರ್ವಿ ಆಡಿದ ಮಾತು

6 ನವೆಂಬರ್ 2006, ಸೋಮವಾರ

ನರ್ಸರಿ ಕ್ಲಾಸಿನಲ್ಲಿ ಆನೆ ಮುಖವಾಡ ಮುಗಿಯಿತು. ಇಪ್ಪತ್ತೆರಡು ಪೇಪರ್ ಪ್ಲೇಟು, ನಲವತ್ತನಾಲ್ಕು ಕಿವಿ. ಕಿವಿ ಯಾಕೆ ಇಷ್ಟು ದೊಡ್ಡದು ಎಂದರೆ ಒಬ್ಬ "ಮೊಬೈಲ್‌ಗೆ" ಎಂದ. ಅಪ್ಪ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರು, ಮಗ ಇನ್ನೇನು ಹೇಳಿಯಾನು. ಗಾಳಿ ಬೀಸಿಕೊಳ್ಳುವುದಕ್ಕೆ ಎಂದು ಎಲ್ಲರೂ ಕಿವಿ ಬೀಸಿದೆವು.

ಪೂರ್ವಿ ಮಾತ್ರ ಬಾಯಿ ಬಿಡಲಿಲ್ಲ. ನಾನು ಸೇರಿದ ಜೂನ್‌ನಿಂದ ಒಂದೇ ಒಂದು ಮಾತಿಲ್ಲ. ಈ ಬಂಗಾಳಿಗಳ ಊರಲ್ಲಿ, ಇಲ್ಲೇ ಕಸ್ಬಾದಲ್ಲಿ ಇಡ್ಲಿ ಹೋಟೆಲ್ ಇಟ್ಟಿರುವ ಉಡುಪಿಯವರ ಮಗಳು. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಂತೆ. ಸ್ಕೂಲಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಆಡುವಂತಿಲ್ಲ. ಡಿಸೆಂಬರ್ ರಿವ್ಯೂ ಒಳಗೆ ಮಾತಾಡದಿದ್ದರೆ ಸ್ಪೆಷಲ್ ಸ್ಕೂಲಿಗೆ ಬರೆದುಕೊಡುತ್ತಾರಂತೆ. ಮೂರೂವರೆ ವರ್ಷದ ಕೂಸಿಗೆ. ಮೈ ಉರಿಯಿತು. ನಾಳೆಯಿಂದ ಅವಳ ಹತ್ತಿರ ಕನ್ನಡವೇ. ಯಾರು ಏನು ಮಾಡುತ್ತಾರೋ ನೋಡೋಣ.

9 ನವೆಂಬರ್

ಹುಲಿ. ಹಳದಿ ಬಣ್ಣ, ಕಪ್ಪು ಪಟ್ಟೆ, ಪೊರಕೆ ಕಡ್ಡಿಯ ಮೀಸೆ. ಕತ್ತಲಲ್ಲಿ ಹುಲಿಗೆ ದಾರಿ ತಿಳಿಯುವುದು ಮೀಸೆಯಿಂದ ಎಂದು, ಕಣ್ಣು ಮುಚ್ಚಿಸಿ ಒಬ್ಬೊಬ್ಬರ ಕೆನ್ನೆಗೂ ಕಡ್ಡಿ ತಾಗಿಸಿದೆ. ಪೂರ್ವಿ ಕಿಸಕ್ಕನೆ ನಕ್ಕಳು. ಮುಖವಾಡ ಕಟ್ಟಿಕೊಂಡು, ತಿರುಗಿ ತನ್ನ ಫ್ರಾಕಿನ ಹಿಂದೆ ನೋಡಿಕೊಂಡಳು. ಆಮೇಲೆ, ಇಡೀ ಕ್ಲಾಸಿಗೆ ಕೇಳುವ ಹಾಗೆ —

"ಟೀಚರ್, ಬಾಲ ಎಲ್ಲಿ? ಹುಲಿಗೆ ಬಾಲ ಬೇಕಲ್ಲ?"

ಐದು ತಿಂಗಳ ಮೇಲೆ. ಎತ್ತಿಕೊಂಡು ಕುಣಿದುಬಿಟ್ಟೆ. ಮುಖವಾಡಕ್ಕೆ ಬಾಲ ಇರುವುದಿಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು. ಸೆಣಬಿನ ಹಗ್ಗ ಕತ್ತರಿಸಿ ಎಲ್ಲರ ಸೊಂಟಕ್ಕೂ ಕಟ್ಟಿದೆ. "ಬಾಲ, ಬಾಲ" ಎಂದು ಅವಳ ಹಿಂದೆ ಇಡೀ ಕ್ಲಾಸಿನ ಮೆರವಣಿಗೆ. ಆಯಾ ಯಾಕೋ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು.

ಮನೆಗೆ ಬಂದು ಇವರಿಗೆ ಹೇಳುತ್ತ ಅತ್ತುಬಿಟ್ಟೆ. ಸಂತೋಷಕ್ಕೆ.

10 ನವೆಂಬರ್, ಮಧ್ಯಾಹ್ನ

ಮಕ್ಕಳ ಮನೆಗಳಿಂದ ಆರು ಇ-ಮೇಲ್. ಪ್ರಿನ್ಸಿಪಾಲ್ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹರಡಿದ್ದರು. ಬಂಗಾಳಿಯಲ್ಲಿ "ಬಾಲ" ಎಂದರೆ ಹೊಲಸು ಬೈಗುಳವಂತೆ. ಮಕ್ಕಳು ಮನೆಗೆ ಹೋಗಿ ಅಜ್ಜ-ಅಜ್ಜಿಯ ಮುಂದೆ ಹಾಡಿದ್ದಾರೆ.

ನಾವು ಈ ಊರಿಗೆ ಬಂದು ಎಂಟು ತಿಂಗಳು. ಹತ್ತು ಬಗೆ ಮೀನಿನ ಹೆಸರು ಕಲಿತಿದ್ದೇನೆ. ಇದನ್ನು ಯಾರೂ ಹೇಳಿಕೊಡಲಿಲ್ಲ.

"ಗಿರಿಜಾ, ಲಾಸ್ಟ್ ವಾರ್ನಿಂಗ್" ಎಂದರು. ಆ ಮಗು ಇನ್ನೊಂದು ಸಲ ಆ ಮಾತು ಆಡಿದರೆ ನಮ್ಮಿಬ್ಬರಿಗೂ ಇಲ್ಲಿ ಜಾಗವಿಲ್ಲ.

13 ನವೆಂಬರ್

ಹೇಗೆ ಬರೆಯಲಿ.

ಗೇಟಿನಿಂದಲೇ ಓಡಿ ಬಂದಳು. "ಟೀಚರ್, ಇವತ್ತು ಮಂಗ ಅಲ್ವಾ? ಮಂಗನಿಗೆ ಉದ್ದ ಬಾ—"

ಬಾಗಿಲಲ್ಲಿ ಪ್ರಿನ್ಸಿಪಾಲ್. ಅವಳ ಬಾಯಿಗೆ ಕೈ ಅಡ್ಡ ಒತ್ತಿದೆ. ಗಟ್ಟಿಯಾಗಿ. "ಛೀ, ಕೆಟ್ಟ ಮಾತು. ಬಾಯಿ ಮುಚ್ಚು" ಎಂದೆ. ಕನ್ನಡದಲ್ಲಿ. ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಅರ್ಥವಾದದ್ದು.

ಅಳಲಿಲ್ಲ. ಮೂಲೆಗೆ ಹೋಗಿ ಕುಳಿತಳು. ಬಣ್ಣ, ಅಂಟು ಏನನ್ನೂ ಮುಟ್ಟಲಿಲ್ಲ.

4 ಡಿಸೆಂಬರ್

ಮೂರು ವಾರ ಈ ಪುಸ್ತಕ ತೆಗೆಯಲಿಲ್ಲ. ರಿವ್ಯೂ ಶೀಟಿನಲ್ಲಿ ಪೂರ್ವಿಯ ಹೆಸರಿನ ಎದುರು "ಮಾತಾಡುವುದಿಲ್ಲ" ಎಂಬ ಕಾಲಂಗೆ ಟಿಕ್ ಹಾಕಿದೆ. ನನ್ನ ಕೈಯಿಂದಲೇ. ನಾಳೆಯಿಂದ ಬರುವುದಿಲ್ಲವಂತೆ.

7 ಡಿಸೆಂಬರ್, ಸಂಜೆ

ತಡೆಯಲಾಗದೆ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಅವಳಮ್ಮ ಜಲಜಾ. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡಳು.

"ಈಗ ಮನೆಯಲ್ಲಿ ಸಹ ಮಾತಾಡುದಿಲ್ಲ ಟೀಚರ್. ಇಪ್ಪತ್ತು ದಿನ ಮೇಲಾಯ್ತು. ಎಂತಕ್ಕಾದ್ರೂ ಹೆದರಿದ್ದಾಳಾ ಅಂತ ಡಾಕ್ಟ್ರು ಕೇಳ್ತಾರೆ. ಶಾಲೆಯಲ್ಲಿ ಎಂತಾದ್ರೂ ಆಯ್ತಾ?"

ಪೂರ್ವಿ ಅಮ್ಮನ ಸೀರೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಏನು ಹೇಳುತ್ತೇನೋ ಎಂದು.

"ಇಲ್ಲ ಜಲಜಾ, ಏನೂ ಆಗಿಲ್ಲ" ಎಂದೆ.

ಕಾಫಿ ಕೊಟ್ಟಳು. ಕೂತು ಕುಡಿದೆ, ಆ ಮಗುವಿನ ಎದುರಿಗೇ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ. ಈಗಲೂ ಹೋಗಬಹುದು, ಹತ್ತು ನಿಮಿಷದ ದಾರಿ. ಜಲಜಾಗೆ ಆಮೇಲೆ. ಮೊದಲು ಪೂರ್ವಿಗೆ. ಮುಂದೆ ಕೂರಿಸಿಕೊಂಡು ಹೇಳಬೇಕು — ನೀನು ಆಡಿದ್ದು ಕೆಟ್ಟ ಮಾತಲ್ಲ ಪುಟ್ಟಾ, ಕೆಟ್ಟದ್ದು ನಾನು ಆಡಿದ್ದು.